ಐದು ಕಾಲಿನ ಜೇನು

ಹಂಸ ಅಂದರೆ ಹಾಲನ್ನೂ ನೀರನ್ನೂ
ಬೇರೆ ಮಾಡುವ ಹಕ್ಕಿಯಂತೆ.
ಅಪ್ಪ ಇಟ್ಟಿದ್ದು ಹಂಝ. ಗೋಣಿಕೊಪ್ಪದ ಸಂತೆಬಾಯಲ್ಲಿ
ಸವೆದು ಸವೆದು ಹಂಸಣ್ಣನಾದೆ.
ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ:
ಝೆರಾಕ್ಸ್, ಲ್ಯಾಮಿನೇಶನ್, ಮದುವೆ ಕಾಗದ,
ತಿಥಿ ಕಾಗದ, ಲೇಬಲ್.

ಮೊಣ್ಣಪ್ಪನವರ ಜೇನುಬಾಟಲಿಗೆ ಚಿತ್ರ ಬೇಕಿತ್ತು.
'ಏನಾದ್ರೂ ಹಾಕು ಮಾರಾಯ, ಕಾಡಿನ ಕಳೆ ಇರಲಿ.'
ನನ್ನ ಕಂಪ್ಯೂಟರಿನ ಹೊಟ್ಟೆಯಲ್ಲಿ
ಆರು ವರ್ಷ ಹಳೆಯದೊಂದು ಫೈಲು,
ತಿತಿಮತಿ ಕಡೆಯ ಆಶ್ರಮ ಶಾಲೆಯ ವಾರ್ಷಿಕ ಸಂಚಿಕೆ.
ಒಂಬತ್ತನೇ ಪುಟದಲ್ಲಿ ಬಾಲ್‌ಪೆನ್ನಿನ ಜೇನುಹುಳ,
ಇನ್ನೇನು ಹೂವಿಗೆ ಇಳಿಯಬೇಕು, ಇಳಿದಿಲ್ಲ.
ಕೆಳಮೂಲೆಯಲ್ಲಿ ಮೂರು ಗೀಟು, ಪಕ್ಕಪಕ್ಕ, ಓರೆಯಾಗಿ.

ಕಸ ಅಂದುಕೊಂಡು ಅಳಿಸಿದೆ ಅನ್ನಬಹುದು.
ಸುಳ್ಳು. ಕಸ ಅಷ್ಟು ಸಮವಾಗಿ ಬೀಳುವುದಿಲ್ಲ.
ಅಳಿಸಿದೆ. ಬೆರಳಿಗೆ ಭಾರವೇ ಆಗಲಿಲ್ಲ.
ಎರಡು ಸಾವಿರ ಲೇಬಲ್, ಒಂದಕ್ಕೆ ಮೂರೂವರೆ.

ಜೂನಿನಲ್ಲಿ ಒಬ್ಬಳು ಹುಡುಗಿ ಬಂದಳು.
ಪಿಯುಸಿ ಸೇರಲು ನಕಲು ಬೇಕು;
ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಹಾಳೆ
ಮಳೆ ತಾಗದಂತೆ ತೆಗೆದಳು.
ಹೆಸರು ಓದಿದೆ: ಜೆ.ಕೆ. ಜಯಂತಿ.
ಯಂತ್ರ ಬಿಸಿಯಾಗುವವರೆಗೆ
ಮೇಜಿನ ಮೇಲಿನ ಬಾಟಲಿ ತಿರುಗಿಸಿದಳು,
ಮತ್ತೆ ತಿರುಗಿಸಿದಳು.
'ಅಣ್ಣ, ಈ ಹುಳಕ್ಕೆ ಐದೇ ಕಾಲು.'
ಎಣಿಸಿದೆ. ಹೌದು.
'ಆರನೇದಕ್ಕೆ ಪೆನ್ನಲ್ಲಿ ಇಂಕು ಇರಲಿಲ್ಲ.'
ನಕ್ಕಳು. ಆಮೇಲೆ ಆ ಖಾಲಿ ಮೂಲೆಯನ್ನು
ಹೆಬ್ಬೆರಳಿಂದ ಉಜ್ಜಿದಳು,
ಬೆವರಿದ ಗಾಜಿನಾಚೆ ಏನೋ ಇದೆ ಎಂಬಂತೆ.

ಆರು ನಕಲು. ಹನ್ನೆರಡು ರೂಪಾಯಿ.
ತನ್ನದೇ ಕಾಗದದ ನಕಲಿಗೆ ಅವಳು
ನಾಣ್ಯ ಎಣಿಸಿ ಇಟ್ಟಳು.
ಬೇಡ ಎನ್ನಲು ಬಾಯಿ ಬರಲಿಲ್ಲ.
ಬೇಡ ಅಂದಿದ್ದರೆ
ಲೆಕ್ಕ ಚುಕ್ತಾ ಆಯಿತೆಂದು ನಾನೇ ನಂಬಿಬಿಡುತ್ತಿದ್ದೆ.

ಮೊಣ್ಣಪ್ಪನವರಿಗೆ ಫೋನು ಮಾಡಿದೆ.
'ಮಕ್ಕಳ ಗೀಚಿಗೂ ಹಕ್ಕಾ?
ಆ ಪುಸ್ತಕ ನೀನೇ ಅಚ್ಚು ಹಾಕಿದ್ದಲ್ವಾ?'
ಹಾಕಿದ್ದೆ. ನನ್ನದು ಮಸಿ ಮಾತ್ರ.
ಮದುವೆ ಕಾಗದ ಹೊಡೆದವನು
ಮದುಮಗನಾಗುತ್ತಾನೆಯೇ ಮೊಣ್ಣಪ್ಪಣ್ಣ?
ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ.
'ಸರಿ. ಉಳಿದದ್ದು ಅಂಟಿಸಲ್ಲ. ಕೇಳ್ಕೊಂಡು ಬಾ.'
ಅಂಟಿಸದ ಎಂಟುನೂರನ್ನು ಕಟ್ಟಿ ಕಪಾಟಿನಲ್ಲಿಟ್ಟೆ,
ಆದರೂ ರಾತ್ರಿಯಿಡೀ ಗುಂಯ್ ಗುಂಯ್.

ಶುಕ್ರವಾರ ನಮಾಜು ಮುಗಿಸಿ ಹಾಡಿಗೆ ಹೋದೆ.
ಸೂರಿನ ಕೆಳಗೆ ಅವಳ ಅಜ್ಜ ಕತ್ತಿ ಮಸೆಯುತ್ತಿದ್ದರು.
ಮೂರು ಗೀಟಿನ ಮಾತು ಕೇಳಿ, ಎದ್ದು,
ಬೇಲಿಯ ಗೂಟಕ್ಕೆ ಮೂರು ಕಚ್ಚು ಹಾಕಿದರು,
ಪಕ್ಕಪಕ್ಕ, ಓರೆಯಾಗಿ.
'ಗೂಡು ಕಂಡವ ಮರಕ್ಕೆ ಹೀಗೆ ಹಾಕ್ತಾನೆ.
ಹಿಂದೆ ಬಂದವರು ನೋಡ್ತಾರೆ, ಮುಂದೆ ನಡೀತಾರೆ.'
'ತುಂಬ ಹಸಿವಾಗಿದ್ರೆ?'
'ಕೇಳ್ತಾರೆ. ಬಾಯಿ ಇರೋದು
ತಿನ್ನೋಕೆ ಮಾತ್ರವಾ?'

ನಾನು ಬರೆದು ತಂದ ಕಾಗದವನ್ನು
ಜಯಂತಿ ಎರಡು ಸಲ ಓದಿದಳು.
ಇಷ್ಟು ಬಾಟಲಿ, ಇಷ್ಟು ವರ್ಷ, ಇಷ್ಟು ಹಣ,
ಮೂಲೆಯಲ್ಲಿ ಗೀಟು, ಗೀಟಿನ ಕೆಳಗೆ ಹೆಸರು,
ಅವಳ ಸಹಿ, ಪಕ್ಕ ಅವ್ವನ ಸಹಿಗೆ ಜಾಗ.
'ಕಾಲು ಐದೇ ಇರಲಿ' ಅಂದಳು.
ಪೆನ್ನು ಹಾಳೆಗೆ ತಾಗಿಸಿ ತಡೆದಳು.
'ಹುಳ ನಂದು. ಹೂವು ನಂದಲ್ಲ ಅಣ್ಣ.
ಅಕ್ಕನ ಕಸೂತಿದು, ತಲೆದಿಂಬು ನೋಡಿ ಬರೆದಿದ್ದೆ.
ಅವಳನ್ನ ನಾನೂ ಕೇಳಿರಲಿಲ್ಲ.'

ಅಕ್ಕ ತೋಟದ ಕೆಲಸದಿಂದ ಬರುವುದು ಐದಕ್ಕೆ.
ಜಗಲಿಯಲ್ಲಿ ಕೂತೆವು
ನಾವಿಬ್ಬರೂ,
ಕೇಳಬೇಕಾದವರು.