ಏಣಿಯ ಬುಡ

ಸಿದ್ದಾಪುರದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ
ದೂಮಪ್ಪನ ಲೈನ್‌ಮನೆ.
ಬ್ಯಾಗಿನಲ್ಲಿ ಅವನ ಕಡತ, ನನ್ನ ಬುತ್ತಿ.
ಎರಡಕ್ಕೂ ಈಗ ಒಂದೇ ಸಾರಿನ ವಾಸನೆ.

ಹದಿಮೂರು ವರ್ಷ ಏಳು ತಿಂಗಳು ಒಳಗಿದ್ದು
ಸನ್ನಡತೆಯ ಮೇಲೆ ಬಂದವನು.
ತಿಂಗಳಿಗೊಮ್ಮೆ ಹೋಗಿ ನೋಡಬೇಕು:
ಇದ್ದಾನೆಯೇ, ಕುಡಿದಿದ್ದಾನೆಯೇ, ದುಡಿಯುತ್ತಾನೆಯೇ.
ಮೂರು ಪ್ರಶ್ನೆಗೆ ಮೂರು ಅಂಕಣ,
'ಇತರೆ' ಎಂಬ ನಾಲ್ಕನೆಯದು ಒಂದು ಬೆರಳಗಲ.

ಮೊದಲ ಸಲ ಹೋದಾಗ ಬಾಗಿಲು ತೆರೆದೇ ಇತ್ತು,
ಹೊಸ್ತಿಲಿನ ಒಳಗೆ ನಿಂತಿದ್ದ.
"ಬಾ ಹೊರಗೆ" ಅಂದೆ. ಬಂದ.
ಅಂದಿನಿಂದ ಆ ಮಾತು ಆಡದಿರಲು ಕಲಿಯುತ್ತಿದ್ದೇನೆ:
ಅಂಗಳದ ಕಲ್ಲಿನ ಮೇಲೆ ಕೂತು
ಚಪ್ಪಲಿಯ ಮಣ್ಣು ಕೆರೆಯುತ್ತ
ಅವನೇ ಬರಲಿ ಎಂದು ಕಾಯುತ್ತೇನೆ.
ಒಮ್ಮೆ ಅರ್ಧ ಗಂಟೆ ಹಿಡಿಯಿತು.

ಸೊಸೈಟಿಯಲ್ಲಿ ಅಕ್ಕಿ ಕೊಡಲಿಲ್ಲ.
ಜೈಲಿನ ಮಗ್ಗದಲ್ಲಿ ನೂಲೆಳೆದು ಎಳೆದು
ಹೆಬ್ಬೆರಳ ಗೆರೆ ಸವೆದುಹೋಗಿದೆ,
ಯಂತ್ರ ಕೆಂಪು ದೀಪ ಹಚ್ಚಿ ಕೂಗುತ್ತದೆ.
"ಠಾಣೆಯಲ್ಲಿ ಇದೆಯಲ್ಲ ಮೇಡಮ್ಮ, ನನ್ನ ಹೆಬ್ಬೆಟ್ಟು,
ಹಳೇದು, ಚೆನ್ನಾಗಿರೋದು.
ಅದನ್ನೇ ತಂದು ಒತ್ತೋಕಾಗಲ್ವಾ?"
ನಕ್ಕೆ. ಅವನು ನಗಲಿಲ್ಲ. ನಾಚಿದೆ.
ಮೂರು ಅರ್ಜಿ ಬರೆದ ಮೇಲೆ ಕಣ್ಣು ತೋರಿಸಿ ಅಕ್ಕಿ ಬಂತು.
ಕಣ್ಣು ಸವೆದಿರಲಿಲ್ಲ.

ಇಲ್ಲಿ ಯಾವ ಕೆಲಸಕ್ಕೂ ಕತ್ತಿ ಬೇಕು,
ಕಳೆ ಕಡಿಯಲು, ಮರಗಸಿಗೆ, ಬೇಲಿಗೆ.
ರೈಟರ್ ಚಿಣ್ಣಪ್ಪ ಬೆಳಿಗ್ಗೆ ಎಣಿಸಿ ಕೊಡುತ್ತಾರೆ,
ಸಂಜೆ ಎಣಿಸಿ ತೆಗೆದಿಡುತ್ತಾರೆ.
ದೂಮಪ್ಪನ ಸರದಿಯಲ್ಲಿ ಕೈ ತಡೆಯಿತು.
"ನೀವೇ ಹೇಳಿ ಮೇಡಂ, ಹೇಗೆ ಕೊಡಲಿ?
ನಾಲ್ಕನೇ ಮನೆಯಲ್ಲಿ ಸೀತು ಇದ್ದಾಳೆ."

ಇದ್ದಾಳೆ. ಶೀನನ ಹೆಂಡತಿ.
ಒಂದು ಸಂತೆಯ ಸಂಜೆ, ಇಂಥದೇ ಕತ್ತಿ,
ಇದೇ ಲೈನಿನ ನಲ್ಲಿಯ ಹತ್ತಿರ.
ಕಡತದಲ್ಲಿ ಅದು ಹನ್ನೊಂದು ಪುಟ,
ಅವಳ ಮಾತು ಅದರಲ್ಲಿ ನಾಲ್ಕು ಸಾಲು.
ಬೇರೆ ತೋಟದವರು ಗೇಟಿನಲ್ಲೇ ತಡೆದಿದ್ದರು,
ತಂಗಿಯ ಮನೆಯೊಂದೇ ಉಳಿದದ್ದು.
ಕಳಿಸುವ ಮುಂಚೆ ಸೀತುವನ್ನು ಕೇಳಿದ್ದೆ.
"ಬೇಡ ಅಂದರೆ ಎಲ್ಲಿಗೆ ಕಳಿಸ್ತೀರಿ?" ಅಂದಿದ್ದಳು.
ನನ್ನಲ್ಲಿ ಊರಿನ ಹೆಸರಿರಲಿಲ್ಲ.

ಒಂದು ಸಂಜೆ ಲೈನಿನ ಮೊಬೈಲೆಲ್ಲ ಒಟ್ಟಿಗೆ ಗುಂಯ್ಗುಟ್ಟಿತು:
ಆನೆ ಎರಡನೇ ಬ್ಲಾಕಿನಲ್ಲಿದೆ, ಹೊರಬರಬೇಡಿ.
ಅರಣ್ಯದವರು ಕೊರಳಿಗೆ ಪಟ್ಟಿ ಕಟ್ಟಿದ ಆನೆ,
ಎಲ್ಲಿ ಹೋದರೂ ತಿಳಿಯುತ್ತದೆ.
"ಅದು ಯಾರ ಹತ್ರ ಸಹಿ ಹಾಕುತ್ತೆ?" ಕೇಳಿದ.
ನಾನು ಉತ್ತರ ಹುಡುಕುವಷ್ಟರಲ್ಲಿ ಅವನೇ,
"ಬಾಳೆ ತಿನ್ನೋಕೆ ಬಿಡ್ತಾರಲ್ಲ, ಸಾಕು."

ಕತ್ತಿ ಬೇಡದ ಕೆಲಸ ಮೆಣಸು ಕೊಯ್ಯುವುದು.
ಹೂಮಳೆ ಬಿದ್ದು ಒಂಬತ್ತನೇ ದಿನ,
ಕಾಫಿ ಬಿರಿದು ತೋಟವೆಲ್ಲ ಬಿಳಿ,
ತಲೆನೋವು ಬರುವಷ್ಟು ಪರಿಮಳ.
ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ, ಮೂವತ್ತಡಿ.
ಒಬ್ಬರು ಹತ್ತಬೇಕು, ಒಬ್ಬರು ಬುಡ ಹಿಡಿಯಬೇಕು.
ದೂಮಪ್ಪ ಸೊಂಟಕ್ಕೆ ಚೀಲ ಕಟ್ಟಿ ನಿಂತ.
ಯಾರೂ ಆಗುವುದಿಲ್ಲ ಎನ್ನಲಿಲ್ಲ,
ಯಾರೂ ಬರಲಿಲ್ಲ.
ಕಡತವನ್ನು ಕಾಫಿಗಿಡದ ಕವಲಿಗೆ ಸಿಕ್ಕಿಸಿ
ನಾನು ಹಿಡಿದೆ.

ಅವನ ಭಾರ ಗಿಣ್ಣುಗಿಣ್ಣಾಗಿ ಅಂಗೈಗೆ ಇಳಿಯಿತು.
ಇಪ್ಪತ್ತು ವರ್ಷ 'ನಿಗಾ' ಎಂದು ಬರೆದಿದ್ದೇನೆ,
ಕೈ ನೋಯಬಹುದೆಂದು ತಿಳಿದಿರಲಿಲ್ಲ.
ಏಣಿ ಒಂದು ಗೇಣು ಜಾರಿತು.

"ಹಾಗಲ್ಲ ಹಿಡಿಯೋದು."
ಹಿಂದೆ ಸೀತು. ಬುಟ್ಟಿ ಇಳಿಸಿ
ಬರಿಗಾಲನ್ನು ಬಿದಿರಿನ ಬುಡಕ್ಕೆ ಒತ್ತಿಟ್ಟಳು.
ಮೇಲೆ ನೋಡಲಿಲ್ಲ.
"ಬಳ್ಳಿ ಹರಿದೀತು" ಅಂದಳು, ನನಗೆ.

ಮೇಲೆ ಕೊಯ್ಯುವ ಸದ್ದು ನಿಂತಿತು.
ಎಷ್ಟು ಹೊತ್ತೋ. ಮತ್ತೆ ಶುರುವಾಯಿತು.
ಚೀಲ ತಪ್ಪಿದ ಒಂದು ತೆನೆ ಅವಳ ಭುಜಕ್ಕೆ ಬಿತ್ತು,
ತೆಗೆದು ಬುಟ್ಟಿಗೆ ಹಾಕಿಕೊಂಡಳು.
ಕೂಲಿ ಕಿಲೋ ಲೆಕ್ಕ;
ಯಾರ ಲೆಕ್ಕಕ್ಕೆಂದು ನಾನು ಕೇಳಲಿಲ್ಲ.

ಈ ತಿಂಗಳ ವರದಿ:
ಇದ್ದಾನೆ. ಕುಡಿದಿಲ್ಲ. ದುಡಿಯುತ್ತಾನೆ.
'ಇತರೆ'ಯ ಮೇಲೆ ಪೆನ್ನಿಟ್ಟು
ಮಡಿಕೇರಿ ಬಸ್ಸಿನ ಕುಲುಕಾಟಕ್ಕೆ ಬಿಟ್ಟೆ.
ಅದು ಎಳೆದ ಗೆರೆ ಹಾಗೇ ಇದೆ.