ನಾಲ್ಕು ಪಾಯಿಂಟಿನ ಅಕ್ಷರ

ಬೈಕಂಪಾಡಿಯ ಪ್ರೆಸ್ಸಿನಲ್ಲಿ ಹನ್ನೊಂದು ವರ್ಷ
ಈ ಬಾಟಲಿಯ ಲೇಬಲ್ಲು ಅಚ್ಚು ಹಾಕಿದವನು ನಾನೇ.
ಮುಂದೆ ನಗುವ ಮಗು, ದಪ್ಪಕ್ಷರದಲ್ಲಿ ‘ಮೃದು’;
ಹಿಂದೆ, ಅಂಚಿನಲ್ಲಿ, ನಾಲ್ಕು ಪಾಯಿಂಟಿನ ಇರುವೆಸಾಲು.
ಶಾಯಿ ಹರಡಿದೆಯೇ ಅಂತ ನೋಡುತ್ತಿದ್ದೆ,
ಓದಿರಲಿಲ್ಲ.

ಇವತ್ತು ಜೆನಿಟಾಳ ಮೊಣಕೈ ಮಡಿಕೆ
ಬೇಯಿಸಿದ ಸಿಗಡಿಯ ಹಾಗೆ ಕೆಂಪು.
ಮೇ ತಿಂಗಳ ಸೆಕೆ, ಕರೆಂಟಿಲ್ಲ,
ಲವೀನಾ ಮೊಬೈಲಿನ ಬೆಳಕು ಹಿಡಿದಿದ್ದಾಳೆ.
ಪ್ರೂಫ್ ನೋಡುವ ಭೂತಗನ್ನಡಿಯಲ್ಲಿ
ಒಂದೊಂದೇ ಹೆಸರು ಕೂಡಿಸಿ ಓದುತ್ತೇನೆ,
ಒಂದನೇ ಕ್ಲಾಸಿನವನಂತೆ.
ಕೊನೆಗೆ ‘ಪರಿಮಳ’. ಅಷ್ಟೇ.
ಯಾವುದರದ್ದು, ಎಷ್ಟು ಬಗೆ, ಹೇಳುವುದಿಲ್ಲ.

‘ನಿನ್ನಮ್ಮನ ತೆಂಗಿನೆಣ್ಣೆಗೂ ಹೀಗೇ ಎದ್ದಿತ್ತಲ್ಲ’
ಅನ್ನುತ್ತಾಳೆ ಅವಳು.
ನಾಳೆ ಡಾಕ್ಟರು. ಇಬ್ಬರೂ ಸುಮ್ಮನೆ.

ಅಷ್ಟರಲ್ಲಿ ಮಗು
ಹಚ್ಚಿದ ಮುಷ್ಟಿಯನ್ನು ಇಡಿಯಾಗಿ
ಬಾಯೊಳಗೆ ಹಾಕಿಕೊಂಡಿತು.