ಐದನೇ ಬ್ಯಾಕು

ಬೈತಖೋಲ ಬಂದರಿನಲ್ಲಿ ಬೆಳಗಿನ ಆರಕ್ಕೇ ಶುರು.
ಬಂಗಡೆಯ ಬುಟ್ಟಿ ಇಳಿಯುವ ಮೊದಲೇ
ನಿನ್ನೆಯ ಮ್ಯಾಚು ಇಳಿದಿತ್ತು ದಕ್ಕೆಯ ಮೇಲೆ,
ಇನ್ನೂ ಒದ್ದಾಡುತ್ತ.

"ಎರಡು ಸೊನ್ನೆ ಇತ್ತು ಮಾರಾಯ, ಎರಡು ಸೊನ್ನೆ!
ಇಪ್ಪತ್ತೇ ನಿಮಿಷ ಬಾಕಿ.
ಆಗ ಮೆಲ್ವಿನ್‌ನ ಹೊರಗೆ ಕರೀತಾರಾ ಯಾರಾದ್ರೂ?"
ಪಂಢರಿಯ ಕೈಯಲ್ಲಿ ಚಹಾದ ಗ್ಲಾಸು.
ಗ್ಲಾಸೇ ಮೆಲ್ವಿನ್. ಅದನ್ನೆತ್ತಿ
ಬಲೆಯ ರಾಶಿಯ ಆಚೆ ಕುಕ್ಕಿದ.
"ಗೋಲು ಹೊಡೆಯೋನು ಇಲ್ಲಿ ಕೂತ. ಒಳಗೆ ಹೋದೋನು ಯಾರು?
ಇನ್ನೊಬ್ಬ ಬ್ಯಾಕು. ಐದನೇ ಬ್ಯಾಕು!
ಬಾಗಿಲಿಗೆ ಐದು ಚಿಲಕ ಹಾಕಿ
ಮಾಡಿನ ಹಂಚು ತೆಗೆದಿಟ್ಟ ಹಾಗೆ."

ಐದನೇ ಬ್ಯಾಕು ಅಂದರೆ ನಾನು.
ತಲೆಗೆ ಗೋಣಿ ಹೊದ್ದು, ಮೇಲೆ ಐಸಿನ ಗಡ್ಡೆ ಹೊತ್ತು
ಅವರ ನಡುವೆಯೇ ನಿಂತಿದ್ದೆ.
ಗುರುತು ಹತ್ತಲಿಲ್ಲ ಯಾರಿಗೂ.
ಇಪ್ಪತ್ತು ನಿಮಿಷ ಆಡಿದವನ ಮುಖ
ಗುರುತಿರಬೇಕು ಅಂತೇನೂ ಇಲ್ಲ.

ಸುಲಕ್ಷಣಾಬಾಯಿ ಬುಟ್ಟಿ ಬೋರಲು ಹಾಕಿ ಕೂತಳು:
"ತಪ್ಪೆಂತದು? ಹತ್ತು ಗಂಟೆಗೇ ಮೀನು ಖಾಲಿಯಾದ್ರೆ
ನಾನು ಮನೆಗೆ ಹೋಗೂದಿಲ್ವಾ?
ಸಾಕು ಅನ್ನೂಕೂ ಧೈರ್ಯ ಬೇಕು."
"ಖಾಲಿ ಆಗಿತ್ತೇನು ಬಾಯಿ? ಅರ್ಧ ಬುಟ್ಟಿ ಇತ್ತು."
ರಿಕ್ಷಾದ ಇಮ್ತಿಯಾಜ್ ಕೀಲಿ ತಿರುಗಿಸುತ್ತ ಹೇಳಿದ.
"ಮಾರೂದು ಬಿಟ್ಟು ಕಾಯೂಕೆ ಕೂತ್ರಿ.
ಬೆಕ್ಕು ಬಂತು, ದಾಂಡೇಲಿಯಿಂದ.
ಒಂದಲ್ಲ, ಮೂರು ಸಲ."

ನಗು. ನಗದವನು ಮುದುಕ ಬಾಬಣಿ ಒಬ್ಬನೇ.
ಬಲೆಯ ಹರಿದ ಕಣ್ಣಿಗೆ ನೂಲು ಹಾಕುತ್ತ,
ತಲೆ ಎತ್ತದೆ:
"ತೂಫಾನಿನ ವರ್ಷ ಇದೇ ಗುಣವಂತ ತಾಂಡೇಲ
ತುಂಬಿದ ಬಲೆ ಕತ್ತರಿಸಿ ಬೋಟು ತಿರುಗಿಸಿದ,
ದೇವಗಡದ ದೀಪ ಕಾಣೂ ಮುಂಚೆ.
ಆ ಬೋಟಿನಲ್ಲಿ ನೀನೂ ಇದ್ದೆ ಅಲ್ದ, ಪಂಢರಿ?
ಆವಾಗ ನೀನು ಹೆದರುಪುಕ್ಕ ಅನ್ನಲಿಲ್ಲ ಅವನಿಗೆ.
ವಾಂತಿ ಮಾಡ್ತಿದ್ದೆ."

ಪಂಢರಿ ಖಾಲಿ ಗ್ಲಾಸನ್ನೇ ನೋಡಿದ.
"ಸಮುದ್ರ ಬೇರೆ, ಬಾಬಾ. ಬಾಲು ಬೇರೆ.
ಸಮುದ್ರದಲ್ಲಿ ರೆಫ್ರಿ ಇಲ್ಲ."
ಇದಕ್ಕೆ ಅರ್ಥವೇನೆಂದು ಯಾರೂ ಕೇಳಲಿಲ್ಲ.

ಒಂದು ಮಾತು ಇವರಿಗೆ ಗೊತ್ತಿಲ್ಲ.
ಮಾಲಾದೇವಿ ಮೈದಾನದ ಸುಣ್ಣದ ಗೆರೆಯ ಹತ್ತಿರ
ನನ್ನ ಬೆನ್ನ ಮೇಲೆ ಕೈಯಿಟ್ಟು ತಾಂಡೇಲರು
"ಹಿಂದೆ ಸರಿಬೇಡ ಹಾಂ, ಮುಂದೇ ನಿಲ್ಲು" ಅಂದಿದ್ದರು.
ಮೂರು ಸಲ ಕೂಗಿದರು ಆಮೇಲೂ. ಕೇಳಿಸಿತ್ತು.
ಆದರೆ ಆ ಏಳು ನಂಬರಿನವ ಬಾಲು ತಳ್ಳುತ್ತ ಬರುವಾಗ
ಕಾಲು ತನ್ನಷ್ಟಕ್ಕೇ ಒಂದು ಹೆಜ್ಜೆ,
ಇನ್ನೊಂದು,
ಉಬ್ಬರದ ನೀರು ಕಂಡ ಏಡಿ ಬಿಲದತ್ತ ಸರಿದಂತೆ.
ನನ್ನ ನೋಡಿ ಉಳಿದ ನಾಲ್ವರೂ.
ಕೊನೆಗೆ ನಮ್ಮ ಗೋಲಿಯ ಉಸಿರು
ನನ್ನ ಕುತ್ತಿಗೆಗೇ ತಾಗುತ್ತಿತ್ತು.
ಬಾಲು ಎಲ್ಲಿಂದ ಹೋಯಿತೋ, ನೋಡಲಿಲ್ಲ.
ಬಲೆ ಅಲ್ಲಾಡಿದ್ದು ನೋಡಿದೆ.

ಅಷ್ಟರಲ್ಲಿ ಅವರೇ ಬಂದರು, ಡೀಸೆಲ್ ಕ್ಯಾನು ಹಿಡಿದು,
ಒಂದು ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿಕೊಂಡು.
ದಕ್ಕೆ ಗಪ್‌ಚಿಪ್. ಕಾಗೆಗಳಿಗಷ್ಟೇ ಧೈರ್ಯ.
ಕ್ಯಾನು ಕೆಳಗಿಟ್ಟು, ಯಾರೂ ಕೇಳದಿದ್ದರೂ,
"ಹೌದು. ಮೆಲ್ವಿನ್‌ನ ತೆಗೀಬಾರದಿತ್ತು" ಅಂದರು.
ಆಮೇಲೆ ಗೋಣಿಯೊಳಗೆ ಬಗ್ಗಿ ನೋಡಿ
"ಮೊಣಕಾಲು ಹೇಂಗಿದ್ಯೋ?"

ಎಲ್ಲ ಕಣ್ಣೂ ನನ್ನ ಕಡೆ.
ಐಸು ಕರಗಿ ಬೆನ್ನ ಹುರಿಯಲ್ಲಿ ಇಳಿಯುತ್ತಿತ್ತು.
ಹೇಳಬೇಕಿತ್ತು. ಬಾಯಿಯೇನೋ ತೆರೆದೆ.
"ಅಡ್ಡಿಲ್ಲ" ಅಂತಷ್ಟೇ ಬಂತು.

ಇಷ್ಟು ಹೊತ್ತು ಕೇಳಿದ್ದು ಇಷ್ಟು ಸುಲಭಕ್ಕೆ ಸಿಕ್ಕಿ
ಏನು ಮಾಡಬೇಕೆಂದು ತಿಳಿಯಲಿಲ್ಲ ಪಂಢರಿಗೆ.
ಬಲೆಯ ಆಚೆಗಿದ್ದ ಮೆಲ್ವಿನ್‌ನನ್ನು ಎತ್ತಿ ತಂದ,
ನಳದಲ್ಲಿ ತೊಳೆದ, ಚಹಾ ತುಂಬಿಸಿದ,
ತಾಂಡೇಲರ ಕಡೆಗೆ ಚಾಚಿದ.

ಅವರಿಗೆ ದಾರಿಯಾಗಲೆಂದು ನಾನು
ಒಂದು ಹೆಜ್ಜೆ ಹಿಂದೆ ಸರಿದೆ.